ಹಡಗಿನ ಜಾತಕ

ಸಾಗರದ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಮಂಜಯ್ಯನಿಗೆ ಬೇಸಿಗೆ ರಜೆ ಎಂದರೆ ಭಯ. ಪ್ರತಿ ವರ್ಷ ಹೆಂಡತಿ ಕುಮುದಾ ತೀರ್ಥಹಳ್ಳಿಯ ಅಣ್ಣ ಸುಬ್ಬಪ್ಪನ ಮನೆಗೆ ಹೊರಡುತ್ತಾಳೆ, ಹಿಂದೆ ಬ್ಯಾಗು ಹೊತ್ತು ಮಂಜಯ್ಯ. ಸುಬ್ಬಪ್ಪ ತನ್ನ ಪಿತ್ತಕೋಶದ ಆಪರೇಷನ್ನಿನ ಕತೆಯನ್ನು ದಿನವೂ ಮೊದಲಿನಿಂದ ಹೇಳುತ್ತಾನೆ. ಡಾಕ್ಟರು ತೆಗೆದುಕೊಟ್ಟ ಕಲ್ಲನ್ನು ಬಾಟಲಿಯಲ್ಲಿಟ್ಟು, ಸರಿಯಾಗಿ ಊಟದ ಹೊತ್ತಿಗೆ ತಂದು ತೋರಿಸುತ್ತಾನೆ. ಈ ಸಲ ಮಂಜಯ್ಯ ಧೈರ್ಯ ಮಾಡಿ, ಟೀಚರಾಗಿರುವ ಮಗಳು ಬಿಂದುವನ್ನೂ ಕರೆದುಕೊಂಡು ಹಡಗಿನಲ್ಲಿ ಪ್ರವಾಸ ಹೋಗೋಣ ಎಂದುಬಿಟ್ಟ. ನಡುಸಮುದ್ರಕ್ಕೆ ಸುಬ್ಬಪ್ಪ ಬರಲಾರ ಎಂಬುದೊಂದೇ ಅವನ ಲೆಕ್ಕಾಚಾರ.

"ಹೋಗನ. ಆದ್ರೆ ಜಾತಕ ನೋಡ್ಸದೆ ನಾನು ಹತ್ತಲ್ಲ" ಎಂದಳು ಕುಮುದಾ.

"ಯಾರ ಜಾತಕ?"

"ಹಡಗಿಂದು."

ಮಂಜಯ್ಯನ ಕೈಯಲ್ಲಿದ್ದ ದೋಸೆ ಚಟ್ನಿಯೊಳಗೆ ಬಿತ್ತು.

"ನಮ್ಮ ತವರಲ್ಲಿ ಟ್ರ್ಯಾಕ್ಟರ್ ತಂದಾಗ್ಲೂ ಜಾತಕ ಕೂಡಿಸೇ ತಂದಿದ್ದು. ಬಿಂದುಗೆ ಈ ವರ್ಷ ನೀರಿನ ಕಂಟಕ ಬೇರೆ ಇದೆ. ಅವಳ ಜಾತಕಕ್ಕೆ ಹೊಂದೋ ಹಡಗು ಇವತ್ತೇ ನೋಡಿ. ಇಲ್ಲಾಂದ್ರೆ ಸಂಜೆ ಅಣ್ಣಂಗೆ ಫೋನ್ ಮಾಡಿ ಬರ್ತೀವಿ ಅಂತೀನಿ."

ಮಂಜಯ್ಯ ಮೊಬೈಲಿನಲ್ಲಿ ಮೂರು ಕಂಪನಿಗಳ ಹಡಗು ಹುಡುಕಿ ಜಗಲಿಯಲ್ಲಿ ಕೂತ. ಅಷ್ಟರಲ್ಲಿ ಪಕ್ಕದ ಮನೆಯ ಶಂಭು ಭಟ್ಟರು ಬೇಲಿಯ ಮೇಲಿಂದ ಕತ್ತು ಚಾಚಿದರು.

"ಅಡಿಗೆ ಮಾಡದು ಯಾರು ಹೇಳಿ ಕೇಳಿದ್ಯಾ? ಒಂದೇ ಬಾಣಲೇಲಿ ಮೀನೂ ಹುರಿತ, ಹಪ್ಪಳನೂ ಕರಿತ. ಎಂಗೊ ಆದ್ರೆ ಅಲ್ಲಿ ನೀರೂ ಕುಡಿತ್ವಿಲ್ಲೆ" ಎಂದು ತಮ್ಮ ಮಡಿ ನೆನೆದರು. ಪಟ್ಟಿಯಿಂದ ಒಂದು ಹಡಗು ಹೋಯಿತು.

ಎದುರುಮನೆಯ ಪುಷ್ಪಮ್ಮ ಎರಡನೆಯ ಹಡಗಿನ ಚಿತ್ರದಲ್ಲಿ ಈಜುಕೊಳ ನೋಡಿ ಎದೆ ಮೇಲೆ ಕೈಯಿಟ್ಟುಕೊಂಡರು. "ಒಳಗೆ ಇಷ್ಟು ನೀರು ತುಂಬಿದೆ ಅಂದ್ರೆ ಎಲ್ಲೋ ತೂತಾಗಿದೆ ಕಣ್ರೀ. ನಮ್ಮ ಹಿನ್ನೀರು ದಾಟೋ ಲಾಂಚಲ್ಲಿ ಹಿಂಗೆ ನೀರು ನಿಂತಿದ್ರೆ ಸಿಗಂದೂರು ದೇವಿ ನೋಡಕ್ಕೆ ಯಾರು ಹೋಗ್ತಿದ್ರು?" ಕುಮುದಾ ತಲೆಯಾಡಿಸಿದಳು. ಅದೂ ಹೋಯಿತು.

ಉಳಿದದ್ದು ಇಟಲಿಯಲ್ಲಿ ಕಟ್ಟಿದ ಒಂದು ಹಳೆಯ ಹಡಗು. ಅದು ನೀರಿಗಿಳಿದ ದಿನ, ಹೊತ್ತು ಎರಡೂ ಅಂತರ್ಜಾಲದಲ್ಲಿ ಸಿಕ್ಕಿತು. ಅದೇ ಜನನಕಾಲ ಎಂದು ಕುಮುದಾ ತೀರ್ಮಾನಿಸಿದಳು. ಹಡಗಿಗೆ ಅದು ಮುದಿ ವಯಸ್ಸು, ಗಂಡಿಗಾದರೆ ಮದುವೆಯ ವಯಸ್ಸು.

ಸಾಗರದಲ್ಲಿ ತೋರಿಸಿದರೆ ಊರೆಲ್ಲ ನಗುತ್ತದೆಂದು ಮಂಜಯ್ಯ ಬಸ್ಸು ಹತ್ತಿ ಹೊಸನಗರಕ್ಕೆ ಹೋದ. ಅಲ್ಲಿ ಅಂಜನಪ್ಪ ಮೇಷ್ಟ್ರು, ಮಂಜಯ್ಯನ ಜಾತಿಯವರೇ, ಲೆಕ್ಕ ಕಲಿಸಿ ನಿವೃತ್ತರಾದ ಮೇಲೆ ಕಂಪ್ಯೂಟರಿನಲ್ಲಿ ಜಾತಕ ನೋಡುತ್ತಿದ್ದರು. ಬಿಂದು ಟೀಚರಾಗಿರುವ ಶಾಲೆಯಲ್ಲೇ ಅವರ ಮಗ ಶಿವುವೂ ಮೇಷ್ಟ್ರು. ಜಗಲಿಯಲ್ಲಿ ಇನ್ನೂ ಇಬ್ಬರು ಸರದಿ ಕಾಯುತ್ತಿದ್ದರು.

ಬಿಂದುವಿನ ಜಾತಕವನ್ನೂ ಹಡಗಿನ ಜನನಕಾಲ ಬರೆದ ಚೀಟಿಯನ್ನೂ ನೋಡಿದ ಮೇಷ್ಟ್ರು, "ಹುಡುಗ ಹುಟ್ಟಿದ್ದೆಲ್ಲಿ?" ಎಂದರು.

ಹುಡುಗನಲ್ಲ, ಹಡಗು ಎನ್ನಲು ಮಂಜಯ್ಯ ಬಾಯಿ ತೆರೆದ. ಕಾಯುತ್ತಿದ್ದವರಿಬ್ಬರೂ ಇವನನ್ನೇ ನೋಡುತ್ತಿದ್ದರು. ಹಡಗಿನ ಮಾತೆತ್ತಲು ನಾಚಿಕೆಯಾಯಿತು.

"ಇಟಲಿ" ಎಂದ ಮೆಲ್ಲಗೆ.

ಕಾಫಿ ತರುತ್ತಿದ್ದ ಶಿವುವಿನ ಕೈಯಿಂದ ಲೋಟ ಜಾರಿತು.

"ಇರೋದು?"

"ಸಮುದ್ರದಲ್ಲೇ. ದಡಕ್ಕೆ ಬರೋದು ಕಮ್ಮಿ."

"ಚಟ ಏನಾದ್ರೂ?"

ಮಂಜಯ್ಯನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಬಾರು, ಜೂಜು ಎರಡೂ ಇದೆ. ನಾವು ಆ ಕಡೆ ತಲೆ ಹಾಕ್ದೆ ಇದ್ರಾಯ್ತು."

ಮೇಷ್ಟ್ರು ಕನ್ನಡಕ ತೆಗೆದಿಟ್ಟರು. "ಮುಂಚೆ ಮದುವೆ ಗಿದುವೆ ಆಗಿತ್ತಾ?"

"ಎರಡು ಸಲ ಕೈ ಬದಲಾಗಿದೆ ಅಂತಾರೆ."

ಕಾಯುತ್ತಿದ್ದವರಿಬ್ಬರೂ ಇನ್ನಷ್ಟು ಹತ್ತಿರ ಸರಿದು ಕೂತರು. ಮೇಷ್ಟ್ರು ಕಂಪ್ಯೂಟರನ್ನೊಮ್ಮೆ, ಮಂಜಯ್ಯನನ್ನೊಮ್ಮೆ ನೋಡಿ, "ಹೊಂದಲ್ಲ. ಸುತರಾಂ ಹೊಂದಲ್ಲ. ಮನೆಗೆ ಹೋಗಿ" ಎಂದರು.

ಮಂಜಯ್ಯ ಎದ್ದು ವಾಪಸು ಬಸ್ಸು ಹತ್ತಿದ. ಈ ವರ್ಷವೂ ತೀರ್ಥಹಳ್ಳಿ ತಪ್ಪಿದ್ದಲ್ಲ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಅವನು ಮನೆ ಸೇರುವಾಗ ಸಂಜೆಯಾಗಿತ್ತು. ಅಂಗಳದ ತುಂಬ ಚಪ್ಪಲಿ. ಒಳಗೆ ಶಂಭು ಭಟ್ಟರು, ಪುಷ್ಪಮ್ಮ, ಮಧ್ಯದಲ್ಲಿ ಸೂಟ್‌ಕೇಸಿನ ಸಮೇತ ಸಾಕ್ಷಾತ್ ಸುಬ್ಬಪ್ಪ. ಮೇಷ್ಟ್ರ ಜಗಲಿಯಲ್ಲಿ ಕಾಯುತ್ತಿದ್ದವರಿಂದ ಸುದ್ದಿ ಮಧ್ಯಾಹ್ನವೇ ತೀರ್ಥಹಳ್ಳಿ ಮುಟ್ಟಿತ್ತು.

"ಭಾವ, ಎರಡು ಮದುವೆ ಆದ ಕುಡುಕಂಗೆ ಬಿಂದುನ ಕೊಡ್ತೀರಾ? ಅದೂ ಇಟಲಿಯವನಿಗೆ? ಸೋದರಮಾವ ನಾನು ಬದುಕಿದೀನಿ ಅನ್ನೋದು ಮರೆತ್ರಾ?"

"ಅದು ಹಡಗು ಅಂತ ಆವಾಗಿಂದ ಬಡ್ಕೊತಿದೀನಿ. ಯಾರೂ ನಂಬ್ತಿಲ್ಲ" ಎಂದಳು ಕುಮುದಾ.

"ಹಡಗಿಗೆ ಯಾರಾದ್ರೂ ಹೆಣ್ಣಿನ ಜಾತಕ ಕೂಡಿಸ್ತಾರಾ?" ಎಂದ ಸುಬ್ಬಪ್ಪ. ಟ್ರ್ಯಾಕ್ಟರಿಗೆ ಕೂಡಿಸಿದ್ದು ಇವನೇ.

ಮಂಜಯ್ಯ ಮೊಬೈಲಿನಲ್ಲಿ ಹಡಗಿನ ಚಿತ್ರ ತೆಗೆದು ತೋರಿಸಿದ. ಎಲ್ಲರೂ ಬಗ್ಗಿ ನೋಡಿದರು.

"ಹುಡುಗ ಇದೇಯನಾ?" ಎಂದರು ಶಂಭು ಭಟ್ಟರು. ಪುಷ್ಪಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಮೂಲೆಯಲ್ಲಿ ನಿಂತಿದ್ದ ಬಿಂದು ಮಾತ್ರ ನಗಲಿಲ್ಲ.

ಆಗ ಬಾಗಿಲಲ್ಲಿ ಕಾರು ನಿಂತಿತು. ಅಂಜನಪ್ಪ ಮೇಷ್ಟ್ರು, ಅವರ ಹೆಂಡತಿ ಬಂಗಾರಮ್ಮ, ಹಿಂದೆ ಹಣ್ಣಿನ ಬುಟ್ಟಿ ಹಿಡಿದ ಶಿವು ಇಳಿದರು.

"ತಪ್ಪು ತಿಳಿಬೇಡಿ" ಎಂದರು ಮೇಷ್ಟ್ರು. "ನೀವು ಬಂದು ಹೋದ್ಮೇಲೆ ಇವನು ಊಟ ಮುಟ್ಲಿಲ್ಲ. ಗದರಿಸಿ ಕೇಳಿದ್ರೆ, ಇವನೂ ಬಿಂದೂನೂ ಒಬ್ರನ್ನೊಬ್ರು ಒಪ್ಪಿದಾರಂತೆ. ಜಾತಕನೂ ನೋಡ್ದೆ, ಚೆನ್ನಾಗಿ ಕೂಡುತ್ತೆ. ಆ ಇಟಲಿಯವನನ್ನ ಬಿಟ್ಟು ನಮ್ಮ ಹುಡುಗನ್ನ ನೋಡ್ಬಹುದಾ?"

ಮಂಜಯ್ಯ ದಂಗಾಗಿ ಮಗಳ ಕಡೆ ನೋಡಿದ. ಬಿಂದು ನೆಲ ನೋಡುತ್ತ, "ಹೌದಪ್ಪ" ಎಂದಳು. ಕುಮುದಾಳಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಇಟಲಿಯವನು ಹಡಗೆಂದು ಗೊತ್ತಾದಾಗ ಮಾತ್ರ ಮೇಷ್ಟ್ರು ಪೆಚ್ಚಾದರು.

"ಅಯ್ಯೋ, ಮೊದಲೇ ಹೇಳಬಾರ್ದಾ ಮಾರಾಯ್ರೇ? ಆ ಹಡಗಿನ ಜಾತಕನೂ ನಿಜವಾಗಿ ತುಂಬ ಚೆನ್ನಾಗಿ ಕೂಡಿತ್ತು. ಕುಡುಕನ ಕೈಲಿ ಹುಡುಗಿ ಬಾಳು ಹಾಳಾಗುತ್ತೆ ಅಂತ ನಾನೇ ಸುಳ್ಳು ಹೇಳ್ದೆ."

ಹೋದ ಜೀವ ಬಂದಂತಾಯಿತು ಮಂಜಯ್ಯನಿಗೆ. ಹಡಗು ಹೊಂದಿದೆ, ಕುಮುದಾಳ ಷರತ್ತು ತೀರಿದೆ. ಅವಳ ಮನಸ್ಸು ಬದಲಾಗುವ ಮೊದಲೇ ಎಂದು ಮೊಬೈಲಿನಲ್ಲಿ ಮೂರು ಟಿಕೆಟ್ ಒತ್ತಿದ.

"ಎರಡು ಸಾಕು" ಎಂದಳು ಕುಮುದಾ ಭುಜದ ಹಿಂದಿನಿಂದ. "ಹಡಗಿನ ಜಾತಕ ಕೂಡಿರೋದು ಬಿಂದುಗಲ್ವಾ. ಮದುವೆ ಆದ್ಮೇಲೆ ಅವಳೂ ಶಿವೂನೂ ಹೋಗಿ ಬರ್ಲಿ."

ಎಲ್ಲರೂ ಮಂಜಯ್ಯನನ್ನು ನೋಡಿದರು. ಎಷ್ಟು ದೊಡ್ಡ ಮನಸ್ಸು ಎಂದು ಬಂಗಾರಮ್ಮ ಕಣ್ಣೊರೆಸಿಕೊಂಡರು. ಮಂಜಯ್ಯ ಮೂರನ್ನು ಎರಡು ಮಾಡಿದ.

ಸುಬ್ಬಪ್ಪ ಬಂದು ಅವನ ಹೆಗಲ ಮೇಲೆ ಕೈ ಹಾಕಿದ. "ಮದುವೆ ತೀರ್ಥಹಳ್ಳೀಲೇ, ಪೂರ್ತಿ ಜವಾಬ್ದಾರಿ ನಂದು. ಬೆಳಿಗ್ಗೆ ನನ್ನ ಜೊತೆನೇ ಹೊರಡಿ ಭಾವ. ಮದುವೆ ಮುಗಿಯೋ ತನಕ ನೀವು ನಮ್ಮನೇಲೇ."