ಅಜ್ಜಿಯ ಕೆಮ್ಮಿಗೆ ಅಂಕವಿಲ್ಲ

ಜಗತ್ತು ಮುಂದೊಂದು ದಿನ ಹೇಗೆ ಹಾಳಾಗುತ್ತದೆ ಎಂದು ಕಾದಂಬರಿಕಾರರು ಬರೆಯುತ್ತಾರೆ. ಆ ಹಾಳಿಗೆ ಎಷ್ಟು ಅಂಕ ಎಂದು ನಾವು ಮೇಷ್ಟ್ರುಗಳು ತೀರ್ಮಾನಿಸುತ್ತೇವೆ. ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ನಮ್ಮ ಪಠ್ಯದಲ್ಲಿ ‘ಕರಾಳ ಭವಿಷ್ಯದ ಕಾದಂಬರಿಗಳು’ ಎಂಬ ಭಾಗವಿದೆ. ಆ ಕಾದಂಬರಿಗಳ ಊರಿನಲ್ಲಿ ಎಲ್ಲರಿಗೂ ಒಂದೇ ಬಟ್ಟೆ, ಒಂದೇ ಊಟ, ಒಂದೇ ಅಭಿಪ್ರಾಯ. ಯಾರೋ ಒಬ್ಬ ಬೇರೆ ಥರ ಯೋಚಿಸುತ್ತಾನೆ, ಅವನ ಕಥೆ ಗೋವಿಂದ. ಇದನ್ನು ವಿವರಿಸಲು ವ್ಯಕ್ತಿವಾದ, ಸಮೂಹವಾದ, ಸ್ವಾಯತ್ತತೆ, ಪರಕೀಯತೆ ಎಂದೆಲ್ಲ ಬೋರ್ಡಿನ ಮೇಲೆ ಬರೆಯುತ್ತೇನೆ. ಬರೆದಾಗ ನನಗೇ ನನ್ನ ಮೇಲೆ ಗೌರವ ಬರುತ್ತದೆ. ಒಮ್ಮೆ ಮನೆಯಲ್ಲೂ ಸ್ವಾಯತ್ತತೆಯ ಮಾತೆತ್ತಿದೆ. “ಅದಿರ್ಲಿ, ರಸಬಾಳೆ ತರ್ತೀನಿ ಅಂತ ಹೋಗಿ ಪಚ್ಚಬಾಳೆ ತಂದಿದ್ದೀರಲ್ಲ, ಯಾರನ್ನ ಕೇಳಿ ತಂದ್ರಿ?” ಎಂದಳು ಹೆಂಡತಿ. ಚರ್ಚೆ ಅಲ್ಲಿಗೆ ಮುಗಿಯಿತು.

ಈ ಸಲದ ಮೌಲ್ಯಮಾಪನದಲ್ಲಿ ಇದೇ ಪ್ರಶ್ನೆ ಬಂದಿತ್ತು: ವ್ಯಕ್ತಿ ಮತ್ತು ಸಮೂಹದ ಸಂಘರ್ಷವನ್ನು ಚರ್ಚಿಸಿ. ಯಾವ ಪದವಿದ್ದರೆ ಎಷ್ಟು ಅಂಕ ಎಂದು ಮೊದಲೇ ಗೊತ್ತುಮಾಡಿದ ಹಾಳೆಗೆ ನಾವು ಸ್ಕೀಮು ಎನ್ನುತ್ತೇವೆ. ಬಂಡಲು ಬಂಡಲು ಉತ್ತರಪತ್ರಿಕೆ ತಿದ್ದಿದೆ. ‘ಪ್ರತಿಯೊಬ್ಬನೂ ತನ್ನದೇ ರೀತಿಯಲ್ಲಿ ಚಿಂತಿಸಬೇಕು’ ಎಂಬ ವಾಕ್ಯವನ್ನು ಎಲ್ಲರೂ ಒಂದೇ ರೀತಿಯಲ್ಲಿ, ಗೈಡಿನಲ್ಲಿದ್ದ ಅಚ್ಚಿನ ತಪ್ಪಿನ ಸಮೇತ ಬರೆದಿದ್ದರು. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಬದುಕಿನ ಮೇಲೇ ಬೇಸರ ಬಂದುಬಿಟ್ಟಿತು.

ಆಗ ಒಂದು ಉತ್ತರ ಸಿಕ್ಕಿತು. ‘ಆ ಊರಿನಲ್ಲಿ ಯಾರಿಗೂ ಒಬ್ಬರೇ ಇರಲು ಜಾಗವಿಲ್ಲ. ನಮ್ಮ ಮನೆಯಲ್ಲೂ ಇಲ್ಲ. ಒಂದೇ ಕೋಣೆಯಲ್ಲಿ ಎಲ್ಲರೂ ಮಲಗುತ್ತೇವೆ. ಅಜ್ಜಿ ಕೆಮ್ಮಿದರೆ ಎಲ್ಲರೂ ಏಳುತ್ತೇವೆ. ಒಂದು ದಿನವಾದರೂ ಬಾಗಿಲು ಹಾಕಿಕೊಂಡು ಒಬ್ಬಳೇ ಇರಬೇಕೆಂದು ನನಗೆ ಆಸೆ. ಆದರೆ ಅಜ್ಜಿ ಕೆಮ್ಮಿದಾಗ ಯಾರೂ ಏಳದ ಮನೆ ನನಗೆ ಬೇಡ. ಹೀಗೆ ಎರಡೂ ಬೇಕು ಅನ್ನುವವರನ್ನು ಏನೆಂದು ಕರೆಯುತ್ತಾರೋ ಗೊತ್ತಿಲ್ಲ.’ ಇನ್ನೊಮ್ಮೆ ಓದಿದೆ. ಹಿಂದಿನ ಪುಟಗಳ ಅಂಕ ಕೂಡಿಸಿ ನೋಡಿದೆ. ಈ ಉತ್ತರಕ್ಕೆ ಅರ್ಧದಷ್ಟು ಬಂದರೂ ಹುಡುಗಿ ಪಾಸು, ಬರದಿದ್ದರೆ ಫೇಲು.

ನಾವು ತಿದ್ದಿದ್ದನ್ನು ಪರಿಶೀಲಿಸುವ ನಮ್ಮ ಮೇಜಿನ ಮುಖ್ಯಸ್ಥರು ಮಲ್ಲಿಕಾರ್ಜುನಪ್ಪನವರು. ಅವರ ಮುಂದೆ ಓದಿದೆ. “ಬೋ ಚೆನ್ನಾಗಿ ಬರ್ದವ್ಳೆ ಕಣ್ರೀ,” ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಆದ್ರೆ ಸ್ಕೀಮಲ್ಲಿರೋ ಪದ ಒಂದೂ ಇಲ್ವಲ್ರೀ? ಇವಳಿಗೆ ಕೊಟ್ಬುಟ್ರೆ ನಾಳೆ ಎಲ್ರೂ ಮನಸ್ಸಿಗೆ ಬಂದಂಗೆ ಬರೀತಾರೆ.”

“ಬರೀಲಿ ಬಿಡಿ ಸಾರ್. ಯಾರು ಮಾಡಿದ್ದು ಈ ಹಾಳು ಸ್ಕೀಮು?”

“ನೀವೇ ಕಣ್ರೀ! ಕೆಳಗೆ ನಿಮ್ಮ ಸಹಿನೇ ಐತಲ್ಲ.”

ಮೇಜಿನ ಸುತ್ತ ಕೂತವರೆಲ್ಲ ಕಾಫಿ ಕುಡಿಯುತ್ತಾ ಉತ್ತರವನ್ನು ಮನಸಾರೆ ಮೆಚ್ಚಿಕೊಂಡರು. ಸೊನ್ನೆ ಎಂದು ಒಮ್ಮತದಿಂದ ತೀರ್ಮಾನವಾಯಿತು. ಅದನ್ನು ಹಾಕಿದ್ದು ನನ್ನದೇ ಕೆಂಪು ಪೆನ್ನು.

ಪಾಪಪ್ರಜ್ಞೆ ತಡೆಯಲಾರದೆ ಸೋಮವಾರ ನನ್ನ ತರಗತಿಯಲ್ಲಿ ಆ ಉತ್ತರವನ್ನು ನೆನಪಿನಿಂದ ಹೇಳಿದೆ. ಹೀಗೆ ಬರೆಯಬೇಕು ನೋಡಿ, ನಿಮ್ಮ ಮನೆಯ ಸಂಗತಿ, ನಿಮ್ಮದೇ ಮಾತು ಎಂದೆ. ಇಡೀ ತರಗತಿ ತಲೆ ತಗ್ಗಿಸಿ ಕೂತಿತ್ತು. ಮಕ್ಕಳ ಮನಸ್ಸಿಗೆ ನಾಟಿತಲ್ಲ ಎಂದು ನನ್ನ ಕಣ್ಣೂ ತುಂಬಿತು.

“ಸಾರ್, ಸ್ವಲ್ಪ ನಿಧಾನ,” ಎಂದ ಮುಂದಿನ ಬೆಂಚಿನವನು. “ಅಜ್ಜಿ ಕೆಮ್ಮಿದರೆ… ಆಮೇಲೆ?”

ನಾನು ನಿಧಾನವಾಗಿ ಹೇಳಿ ಬರೆಸಿದೆ.