ದಿಂಬು ಅಪ್ಪಿಕೊಂಡು ಹೋಟೆಲು ನಡೆಸಿದ್ದು

ಎದೆ ಕೊಯ್ಸಿಕೊಂಡು ಬಂದವರನ್ನು ನಗಿಸಬಾರದು, ಹೊಲಿಗೆ ಎಳೆಯುತ್ತದೆ. ಈ ಮಾತನ್ನು ನಮ್ಮವರಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ.

ತಂತಿ

ಮಡಕಶಿರಾದಲ್ಲಿ ನನ್ನದೊಂದು ಇಡ್ಲಿ ಹೋಟೆಲು. ಬೋಂಡ ಕಟ್ಟುವ ಪೇಪರಿನಲ್ಲೇ ಅಕ್ಷರ ಕಲಿತವಳು ನಾನು. ಹಾಗಾಗಿ ನನ್ನ ಹಾರ್ಟಿನ ಬೈಪಾಸ್ ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯವರು ಕೊಟ್ಟ ಪುಸ್ತಕವನ್ನು ನಾನೇ ತಮ್ಮನಿಗೆ ಓದಿ ಹೇಳಿದೆ. ಅವನು ಗುಡಿಬಂಡೆ ಕಡೆ ಕುರಿ ಸಾಕುವವನು. ಎದೆಮೂಳೆ ಕೊಯ್ದು, ಕೆಲಸ ಮುಗಿದ ಮೇಲೆ ತಂತಿಯಿಂದ ಬಿಗಿಯುತ್ತಾರೆ ಅನ್ನುವ ಜಾಗಕ್ಕೆ ಬಂದಾಗ ಎದ್ದೇ ನಿಂತ. ಡಾಕ್ಟರು ಬಂದೊಡನೆ ಕೇಳಿದ:

"ಸಾರ್, ಅದೆಂಥಾ ತಂತಿ? ನಮ್ಮ ಕುರಿ ಕೂಡೋ ರೊಪ್ಪಕ್ಕೆ ಕಟ್ಟಿದ್ದು ಎಲ್ಡೇ ಮಳೆಗೆ ತುಕ್ಕು ಹಿಡೀತು."

"ಸ್ಟೀಲಿಂದಪ್ಪ. ತುಕ್ಕು ಹಿಡಿಯಲ್ಲ."

"ಹಂಗಾದ್ರೆ ಮಿಕ್ಕಿದ್ದು ಬಿಸಾಕಬ್ಯಾಡಿ ಸಾರ್. ರೊಪ್ಪಕ್ಕಾಯ್ತದೆ."

ದಿಂಬು

ಕೆಮ್ಮು ಬಂದರೆ ಎದೆಗೆ ದಿಂಬು ಒತ್ತಿಕೊಳ್ಳಿ ಅಂತ ಹೇಳಿ ಮನೆಗೆ ಕಳಿಸಿದರು. ನಮ್ಮ ಕಡೆ ನೋಡೋಕೆ ಬಂದವರು ತಬ್ಬಿಕೊಂಡು ಅಳಬೇಕು. ಅಳದೆ ಹೋದರೆ ಬಂದದ್ದಕ್ಕೆ ಲೆಕ್ಕವೇ ಇಲ್ಲ. ನನ್ನ ಆರೈಕೆಗೆ ರಾಯದುರ್ಗದಿಂದ ಬಂದಿದ್ದ ನಾದಿನಿ ಬಾಗಿಲಲ್ಲೇ ಅಡ್ಡ ನಿಂತಳು:

"ಅತ್ತಿಗೀನ ಯಾರೂ ಮುಟ್ಟಬ್ಯಾಡ್ರಿ! ಅಳೋರು ಈ ದಿಂಬು ತಬ್ಕಂಡು ಅಳ್ರಿ."

ಒಬ್ಬರಾದ ಮೇಲೊಬ್ಬರು ಸಾಲಾಗಿ ಅತ್ತರು. ನನಗೆ ಕೆಮ್ಮು ಬಂದಾಗ ದಿಂಬು ಇನ್ನೊಬ್ಬರ ಸರದಿಯಲ್ಲಿತ್ತು.

ಚಟ್ನಿ

ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ ಅಂದಿದ್ದರು. ಹೋಟೆಲು ಮುಚ್ಚಿದರೆ ಗಿರಾಕಿಗಳು ಎದುರು ಹೋಟೆಲಿಗೆ ಹೋಗಿ, ಅಲ್ಲೇ ಉಳಿಯುತ್ತಾರೆ. ಆದರೆ ಇಷ್ಟು ವರ್ಷ ಚಟ್ನಿಗೆ ಉಪ್ಪು ಹಾಕೋಕೂ ನಾನು ಯಾರನ್ನೂ ಬಿಟ್ಟವಳಲ್ಲ! ಕೊನೆಗೆ ನಾದಿನಿಯೇ ಒಲೆ ಹಚ್ಚಿದಳು. ನಾನು ದಿಂಬು ಅಪ್ಪಿಕೊಂಡು ಕುರ್ಚಿಯಲ್ಲಿ ಕೂತೆ. ಬಾಯಿಗೇನೂ ತಂತಿ ಬಿಗಿದಿರಲಿಲ್ಲವಲ್ಲ.

"ಕಡಲೆ ಜಾಸ್ತಿಯಾಯ್ತು ಕಣೆ, ಮೆಣಸಿನಕಾಯಿ ಸಾಲದು."

"ಇದು ರಾಯದುರ್ಗದ ಚಟ್ನಿರೀ ಅತ್ತಿಗಿ. ಸುಮ್ನ ಕುಂದರ್ರಿ."

ದಿನಾ ಬರುವ ಮೇಷ್ಟ್ರೊಬ್ಬರಿಗೆ ಒಳಗೆ ರುಬ್ಬುತ್ತಿದ್ದವಳು ಕಾಣಿಸಿರಲಿಲ್ಲ. ಮತ್ತೆ ಮತ್ತೆ ಚಟ್ನಿ ಹಾಕಿಸಿಕೊಂಡು ತಿಂದು, ಕೈ ತೊಳೆದು ನನ್ನ ಮುಂದೆ ನಿಂತರು.

"ಅಮ್ಮ, ಆಪರೇಷನ್ ಆದಮೇಲೆ ನಿಮ್ಮ ಕೈರುಚಿ ಎಷ್ಟು ಸುಧಾರಿಸಿದೆ! ಮೊದಲೇ ಮಾಡಿಸ್ಕೋಬಾರದಿತ್ತಾ?"

ನಾದಿನಿ ಸೌಟು ಹಿಡಿದು ಇಣುಕಿದಳು. ನಾನು ದಿಂಬನ್ನು ಬಿಗಿಯಾಗಿ ಒತ್ತಿಕೊಂಡೆ. ಎದೆ ಧಡಧಡ ಹೊಡೆದುಕೊಂಡಿತೇ ಹೊರತು ನಿಲ್ಲಲಿಲ್ಲ.

ಆಗಲೇ ಡಾಕ್ಟರಿಗೆ ಫೋನ್ ಮಾಡಿದೆ: "ಸಾರ್, ನಿಮ್ಮ ಕೆಲಸ ಗಟ್ಟಿಯಾಗಿದೆ. ಈಗ ತಾನೇ ಒಬ್ಬರು ಪರೀಕ್ಷೆ ಮಾಡಿ ಹೋದ್ರು."