ಗದ್ದಲ ತೆಗೆದ ನಲವತ್ತೊಂದು ಹಾಡು

ಗದಗ-ಬೆಟಗೇರಿಯಲ್ಲಿ ಮೊಬೈಲನ್ನು ನನ್ನಷ್ಟು ಅರೆದು ಕುಡಿದವನು ಇನ್ನೊಬ್ಬನಿಲ್ಲ! ಇದು ನನ್ನ ಅಭಿಪ್ರಾಯ. ಹೆಂಡತಿ ಅನ್ನಪೂರ್ಣ ಒಪ್ಪುವುದಿಲ್ಲ. ಅವಳು ನನ್ನ ಯಾವ ಅಭಿಪ್ರಾಯವನ್ನು ಒಪ್ಪಿದ್ದಾಳೆ ಹೇಳಿ!

ಮಗಳು ರೇಷ್ಮಾಳ ಕುಬಸ ಬಂತು. ಚೊಚ್ಚಲ ಬಸುರಿ, ಏಳನೇ ತಿಂಗಳು. ಹಸಿರು ಸೀರೆ, ಹಸಿರು ಬಳೆ, ಐದು ಥರದ ಬುತ್ತಿ ಎಲ್ಲವೂ ಅನ್ನಪೂರ್ಣಳ ಪಾಲಿಗೆ. ನನ್ನ ಪಾಲಿಗೆ ಬಂದದ್ದು ಹಾಡು. ನನ್ನ ಅವ್ವ ಕಳಕವ್ವ, "ಮೊಮ್ಮಗಳ ಕುಬಸಕ್ಕ ನಾನ ಹಾಡಾಕಿ" ಎಂದು ರೇಷ್ಮಾಳ ಮದುವೆಯಲ್ಲೇ ಮಾತು ಕೊಟ್ಟಿದ್ದಳು. ಮಾತು ಉಳಿಸಿಕೊಳ್ಳಲು ಅವಳೇ ಉಳಿಯಲಿಲ್ಲ. ಹೋಗಿ ಎಂಟು ತಿಂಗಳಾಯಿತು. ಆದರೆ ಮಗ ಸಾಮಾನ್ಯನೇ? ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಅವಳು ಹಾಡುತ್ತಿದ್ದ ನಲವತ್ತೊಂದು ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆ.

"ಅತ್ತಿ ಮಾತು ಹುಸಿ ಆಗಬಾರ್ದರಿ. ಮಗಳಿಗೆ ಆರತಿ ಮಾಡೂ ಮುಂದ ಅವರ ಹಾಡ ಹಚ್ಚೂಣು" ಎಂದಳು ಅನ್ನಪೂರ್ಣ.

"ಬರೇ ಹಚ್ಚೂದಲ್ಲ, ತೊಳದ ಮುತ್ತಿನಂಗ ಮಾಡಿ ಹಚ್ತೀನಿ, ನೋಡ್ಕೋತಿರು!" ಎಂದೆ ನಾನು.

ಸುಮ್ಮನೆ ಹಚ್ಚಿದ್ದರೆ ಆಗುತ್ತಿತ್ತು. ಆದರೆ ಅದೇ ವಾರ ಹಾಡುಗಳನ್ನು ಜೋಡಿಸಿಡುವ ಹೊಸ ಆ್ಯಪೊಂದರ ಬೀಟಾ ಆವೃತ್ತಿ ಬಂದಿತ್ತು. ಮುಂಡರಗಿಯ ನಮ್ಮ ಆಫೀಸಿಗೆ ದಿನಾ ನನ್ನ ಜೊತೆ ಬಸ್ಸಿನಲ್ಲಿ ಬರುವ ಮೊಹಸಿನ ಅದನ್ನು ಕೇಳಿಯೇ ಬೆಚ್ಚಿದ.

"ಬ್ಯಾಡ್ರಿ ಸರ. ಬೀಟಾ ಅಂದ್ರ ಅರ್ಧಾ ಬೆಂದ ರೊಟ್ಟಿ. ಮಾಡಿದವರು ತಾವು ತಿನ್ನಂಗಿಲ್ಲ. ನಮಗ ತಿನಿಸಿ, ಹೊಟ್ಟಿ ನೋವು ಬಂತೇನ್ರಿ ಅಂತ ಕೇಳ್ತಾರ."

"ಲೇ, ಎಲ್ಲಾರಿಗಿಂತ ಮೊದಲು ತಿನ್ನಾಂವನ ಶ್ಯಾಣ್ಯಾ!"

"ಮತ್ತ ಕಾಪಿ ತೆಗದಿಟ್ಟೀರಿಲ್ಲೋ?"

ನಾನು ನಕ್ಕೆ. ಕಾಪಿ ಗೀಪಿ ಎಲ್ಲ ಪುಕ್ಕಲರಿಗೆ! ಬಸ್ಸು ಡೋಣಿ ದಾಟುವಷ್ಟರಲ್ಲಿ ಆ್ಯಪು ನನ್ನ ಮೊಬೈಲಿನೊಳಗೆ ಬಂದು ಕೂತಿತ್ತು.

ಮೊದಲ ದಿನ ಹಾಡುಗಳೆಲ್ಲ ಮಾಯ. ಎರಡನೇ ದಿನ ಬಂದವು, ಬಂದದ್ದು ಎಂಬತ್ತೆರಡಾಗಿ! ಹಾಡಿದವರ ಹೆಸರಿನ ಜಾಗದಲ್ಲಿ "ಅಪರಿಚಿತರು" ಎಂದಿತ್ತು. ಮೂರನೇ ದಿನ ಹೇಗೋ ಲೆಕ್ಕ ಸರಿಹೋಯಿತು. ಆಗ ಆ್ಯಪು ಬಹಳ ವಿನಯದಿಂದ ಕೇಳಿತು: "ಗದ್ದಲ ತೆಗೆಯಲೇ?"

ತೆಗೆಯಬೇಡವೇ ಮತ್ತೆ! ಒಂದೊಂದು ಹಾಡಿನಲ್ಲೂ ರೊಟ್ಟಿ ಬಡಿಯುವ ಸಪ್ಪಳ, ನಡುವೆ "ಅವ್ವಾ, ಚಾ ಆತೇನ?" ಎಂಬ ನನ್ನದೇ ಕೂಗು. ಹೌದು ಎಂದೆ. "ಹಳೆಯದನ್ನು ಅಳಿಸಿ ಹೊಸದನ್ನು ಇಡಲೇ?" ಹೌದು. "ಎಲ್ಲದಕ್ಕೂ?" ಹೌದಪ್ಪಾ ಹೌದು!

ಮುಗಿಯಿತು. ಮೊದಲ ಹಾಡು ಹಚ್ಚಿದೆ. ಟಪ್ ಟಪ್ ಟಪ್. ಎರಡನೆಯದು ಹಚ್ಚಿದೆ. ಟಪ್ ಟಪ್ ಟಪ್. ನಲವತ್ತೊಂದರಲ್ಲೂ ರೊಟ್ಟಿ ಬಡಿಯುವ ಸಪ್ಪಳವೊಂದೇ ಉಳಿದಿತ್ತು. ಎಪ್ಪತ್ತೆಂಟು ವರ್ಷದ ಒಡಕು ದನಿಯನ್ನೇ ಅದು ಗದ್ದಲವೆಂದು ತಿಳಿದು ಗುಡಿಸಿ ಹಾಕಿತ್ತು. ಅವ್ವ ಎರಡನೇ ಸಲ ಸತ್ತಳು, ಈ ಸಲ ನನ್ನ ಬೆರಳಿನಿಂದಲೇ.

"ಹಳೇ ಫೋನಿನಾಗ ಇರ್ಬೇಕಲ್ರಿ?" ಎಂದಳು ಅನ್ನಪೂರ್ಣ.

"ಅದನ್ನ... ಓಣ್ಯಾಗ ಬರ್ತಾನಲ್ಲ, ಹಳೇ ಮೊಬೈಲಿಗೆ ಬಕೀಟು ಕೊಡಾಂವ..."

"ಹಂಗಾರ ಬಚ್ಚಲದಾಗ ಹೋಗಿ ಆ ಬಕೀಟಿಗೆ ಕಿವಿ ಹಚ್ಚಿ ಕೇಳ್ರಿ!" ಎಂದವಳು ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಅತ್ತೆಯ ಜೊತೆ ಮೂವತ್ತು ವರ್ಷ ಜಗಳಾಡಿದವಳು ಅಂದು ಊಟ ಮಾಡಲಿಲ್ಲ.

ಆ್ಯಪಿನವರಿಗೆ ಉದ್ದನೆಯ ಪತ್ರ ಬರೆದೆ. ಉತ್ತರ ಬಂತು: "ನಮ್ಮ ಪ್ರಯೋಗದಲ್ಲಿ ಪಾಲ್ಗೊಂಡದ್ದಕ್ಕೆ ಧನ್ಯವಾದಗಳು."

ಕುಬಸದ ದಿನ ರೇಷ್ಮಾ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಳು. "ಅಪ್ಪಾ, ಆಯಿ ಹಾಡ ಹಚ್ಚು" ಎಂದಳು. ನಿಜ ಹೇಳಲೇಬೇಕಾಯಿತು. ಅವಳು ಅಳಲಿಲ್ಲ. "ಹೋಗ್ಲಿ ಬಿಡು. ನೀ ಅಷ್ಟೂ ಕೇಳೀದಿಯಲ್ಲ, ಒಂದು ಸಾಲರ ಹೇಳು" ಎಂದಳು.

ಒಂದು ಸಾಲು! ನನಗೆ ಒಂದು ಪದವೂ ನೆನಪಾಗಲಿಲ್ಲ. ಅವ್ವ ಹಾಡುವಾಗ ನಾನು ನೋಡುತ್ತಿದ್ದದ್ದು ಮೊಬೈಲಿನ ಕೆಂಪು ಚುಕ್ಕೆಯನ್ನು. ಫೋನಿನಲ್ಲಿದೆಯಲ್ಲ, ಪುರುಸೊತ್ತಾದಾಗ ಕೇಳಿದರಾಯಿತು ಅಂದುಕೊಂಡಿದ್ದೆ. ನಲವತ್ತೊಂದು ಹಾಡು ಹಿಡಿದಿಟ್ಟವನು ಒಂದನ್ನೂ ಕೇಳಿರಲಿಲ್ಲ. ಆಗ ರೇಷ್ಮಾಳ ಕಣ್ಣು ತುಂಬಿದವು.

"ಇದ್ದದ್ದನ್ನರ ಹಚ್ರಿ" ಎಂದಳು ಅನ್ನಪೂರ್ಣ.

ಹಚ್ಚಿದೆ. ಟಪ್ ಟಪ್ ಟಪ್. ಬಂದ ಹೆಂಗಸರು ಕಿಸಕ್ಕೆಂದರು. "ಏನ್ರಿ ಇದು, ಆರತಿಗೆ ರೊಟ್ಟಿ ಬಡಿಯಾಕತ್ತೀರಿ?"

"ತಡೀರೇ!" ಮೂಲೆಯಿಂದ ಕರೆವ್ವ ಕೈ ಎತ್ತಿದಳು. ಅವ್ವನ ಓರಗೆಯವಳು, ಪಕ್ಕದ ಮನೆಯವಳು. ಕಣ್ಣು ಮುಚ್ಚಿ ಕೇಳಿದಳು. "ಇದು ಕಳಕವ್ವನ ಕೈ. ಬಳಿ ಇಡಿಸೂ ಹಾಡಿಗೆ ಆಕಿ ಹಿಂಗ ಬಡೀತಿದ್ಳು."

ಆ ಸಪ್ಪಳಕ್ಕೆ ಸರಿಯಾಗಿ ಎತ್ತಿಕೊಂಡಳು: "ಹಸರ ಬಳಿ ತಂದೇನ, ಕೈ ಮುಂದ ಮಾಡ ಮಗಳ..." ಎರಡನೇ ಸಾಲಿಗೆ ಅನ್ನಪೂರ್ಣಳೂ ದನಿಗೂಡಿಸಿದಳು. ಅವಳಿಗೆ ಪೂರ್ತಿ ಬರುತ್ತಿತ್ತು! ಒಲೆಯ ಮುಂದೆ ಇಷ್ಟು ವರ್ಷ ಕೇಳಿದವಳು ಅವಳೇ. ರೇಷ್ಮಾ ನಿಧಾನವಾಗಿ ಕೈ ಮುಂದೆ ಚಾಚಿದಳು.

ನನ್ನ ಕೈ ರೂಢಿಯಂತೆ ರೆಕಾರ್ಡ್ ಮಾಡಲು ಹೊರಟಿತು. ಫೋನು ರೊಟ್ಟಿ ಬಡಿಯುವುದರಲ್ಲಿತ್ತು. ಬೇರೆ ದಾರಿಯಿಲ್ಲದೆ ಮೊದಲ ಸಲ ಅವ್ವನ ಹಾಡನ್ನು ಕಿವಿಯಿಂದಲೇ ಕೇಳಿದೆ. ಎರಡೇ ಸಾಲಿಗೆ ತಡೆಯಲಾಗಲಿಲ್ಲ. ಅಷ್ಟು ಜನರ ನಡುವೆ ಗೊಳೋ ಎಂದು ಅತ್ತುಬಿಟ್ಟೆ.

ಅನ್ನಪೂರ್ಣ ಆರತಿಯ ತಟ್ಟೆ ಹಿಡಿದು, ತನ್ನ ಕಣ್ಣೀರನ್ನೂ ಒರೆಸಿಕೊಳ್ಳದೆ, ನನ್ನ ಕಡೆ ತಿರುಗಿದಳು.

"ಸುಮ್ನ ಕುಂಡ್ರಿ. ಅತ್ತಿ ಹಾಡಾಕತ್ತಾರ, ಗದ್ದಲ ಮಾಡಬ್ಯಾಡ್ರಿ."